ಕ್ಯಾಮೆರಾ ಬಂತು, ಸಾಫ್ಟ್‌ವೇರ್ ಯಾವುದು?

ರಜೆ ಮುಗಿಸಿ ಬಂದ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಕೆಲವರ ಕೈಯಲ್ಲಿ ಈಗ ಹೊಸ ಕ್ಯಾಮೆರಾ ಇದೆ. ಎಲ್ಲರ ಪ್ರಶ್ನೆ ಒಂದೇ: "ಫೋಟೋಶಾಪ್ ಎಲ್ಲಿ ಸಿಗ್ತದೆ ಮಾರಾಯ?" ಸಿಗೋದು ಅಂದ್ರೆ ಪುಕ್ಕಟೆ ಸಿಗೋದು ಅಂತ ಅರ್ಥ. ಆದ್ರೆ ಅದಕ್ಕಿಂತ ಮೊದಲು, ನಾವು ಎಂಥ ಫೋಟೋ ತೆಗೀತೇವೆ ಅಂತ ನೋಡೋಣ.

ನಮ್ಮ ಊರಿನ ಬೆಳಕು

ಮಧ್ಯಾಹ್ನ ಅಡಿಕೆ ತೋಟಕ್ಕೆ ಇಳಿದ್ರೆ ಕೆಳಗೆ ಕತ್ತಲು, ಸೋಗೆ ಸಂದಿಯಲ್ಲಿ ಕಣ್ಣು ಕುಕ್ಕೋ ಬಿಸಿಲು. ಮಳೆಗಾಲದ ಉಂಚಳ್ಳಿ ಜಲಪಾತದಲ್ಲಿ ಮಂಜೇ ಜಾಸ್ತಿ. ರಾತ್ರಿ ಯಕ್ಷಗಾನದಲ್ಲಿ ವೇಷದ ಕೆಂಪು, ಹಳದಿ ಬಣ್ಣಗಳ ಮೇಲೆ ಬಣ್ಣದ ಲೈಟು ಬೇರೆ. ಇಂಥ ಕಡೆ ಕ್ಯಾಮೆರಾ ತಾನೇ ಮಾಡಿಕೊಡೋ ಜೆಪೆಗ್ ಸಾಲೋದಿಲ್ಲ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದ್ರೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384 ಹಂತ. ಕತ್ತಲಲ್ಲಿ ಅಡಗಿದ ವಿವರವನ್ನು ಎತ್ತೋಕೆ, ಲೈಟಿನ ಬಣ್ಣ ಸರಿಮಾಡೋಕೆ ಈ ಹಂತಗಳೇ ಬೇಕು. ದೋಸೆ ಹಿಟ್ಟಿಗೆ ಉಪ್ಪು ಕಮ್ಮಿಯಾದ್ರೆ ಸೇರಿಸಬಹುದು, ಕಾವಲಿಯಿಂದ ತೆಗೆದ ಮೇಲೆ ಕಷ್ಟ. ಹಾಗಂತ ಪೂರ್ತಿ ಬಿಳಿಯಾಗಿ ಹೋದ ಆಕಾಶವನ್ನು ರಾ ಫೈಲೂ ವಾಪಸ್ ತರೋದಿಲ್ಲ.

ಎರಡು ಬೇರೆ ಕೆಲಸ

ಒಂದು, ರಾ ಫೈಲನ್ನು ತೆರೆದು ಬೆಳಕು, ಬಣ್ಣ, ನಾಯ್ಸ್ ಸರಿಮಾಡೋದು. ಇದಕ್ಕೆ ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ ಇವೆ. ಇವು ಮೂಲ ಫೈಲನ್ನು ಮುಟ್ಟೋದಿಲ್ಲ. ನಾವು ಮಾಡಿದ ಬದಲಾವಣೆಗಳನ್ನು ಮಾತ್ರ ಬೇರೆ ಬರೆದಿಟ್ಟುಕೊಳ್ತವೆ. ಎರಡನೆಯದು, ಚಿತ್ರ ಕತ್ತರಿಸಿ ಅಂಟಿಸೋದು, ಪೋಸ್ಟರ್ ಮಾಡೋದು. ಇದಕ್ಕೆ 1990ರಿಂದ ಇರುವ ಫೋಟೋಶಾಪ್, ಅಥವಾ ಪುಕ್ಕಟೆಯ ಗಿಂಪ್. ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ದಿನಾ ಬೇಕಾಗೋದು ಮೊದಲನೆಯದು. ಎಲ್ಲರೂ ಹುಡುಕೋದು ಮಾತ್ರ ಎರಡನೆಯದನ್ನು!

ದುಡ್ಡು ಮತ್ತು ಕ್ರ್ಯಾಕ್

2013ರಿಂದ ಅಡೋಬಿ ತನ್ನ ಹೊಸ ಫೋಟೋಶಾಪ್ ಆವೃತ್ತಿಗಳನ್ನು ಚಂದಾ ಲೆಕ್ಕದಲ್ಲೇ ಕೊಡುತ್ತಿದೆ. ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೋ ಕಾಣ್ತದೆ, ಆದ್ರೆ ತಿದ್ದುವ ಡೆವಲಪ್ ವಿಭಾಗ ಬಂದ್. ಜೊತೆಗೆ ಚಂದಾ ಚಾಲ್ತಿಯಲ್ಲಿದೆಯಾ ಅಂತ ನೋಡೋಕೆ ಆಗಾಗ ಇಂಟರ್ನೆಟ್ ಬೇಕು. ಆಷಾಢದ ಮಳೆಯಲ್ಲಿ ನಮ್ಮ ಊರುಗಳಲ್ಲಿ ಕರೆಂಟು ಹೋದ್ರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗೋದು ಗೊತ್ತಲ್ಲ.

ಹಾಗಾಗಿ ಹಾಸ್ಟೆಲ್‌ನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಕ್ರ್ಯಾಕ್ ಓಡಾಡ್ತದೆ. ಅದನ್ನು ಹಾಕುವಾಗ ಮೊದಲ ಸೂಚನೆಯೇ "ಆಂಟಿವೈರಸ್ ಆಫ್ ಮಾಡಿ" ಅಂತ. ಅಂದ್ರೆ ಬಾಗಿಲು ತೆಗೆದು ಅಪರಿಚಿತರನ್ನು ಒಳಗೆ ಕರೆದ ಹಾಗೆ. ರ‍್ಯಾನ್ಸಮ್‌ವೇರ್ ಹೊಕ್ಕರೆ ಎಲ್ಲ ಫೈಲಿಗೂ ಬೀಗ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಬಹುದು, ಸಾಫ್ಟ್‌ವೇರ್ ಮತ್ತೆ ಹಾಕಬಹುದು. ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತ ಅಜ್ಜಿಯ ಫೋಟೋವನ್ನು ಮುಂದಿನ ವರ್ಷ ತೆಗೀತೇವೆ ಅಂತ ಹೇಳೋಕೆ ಆಗೋದಿಲ್ಲ.

ಹಾಗಾದ್ರೆ ಯಾವುದು?

1. ಮೊದಲು ಕ್ಯಾಮೆರಾ ಕಂಪನಿಯದ್ದೇ ಪುಕ್ಕಟೆ ಸಾಫ್ಟ್‌ವೇರ್ ಹಾಕಿ. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ. ಕಲಿಯೋಕೆ ಸುಲಭ, ಬಣ್ಣವೂ ಕ್ಯಾಮೆರಾದ ಪರದೆಯಲ್ಲಿ ಕಂಡ ಹಾಗೇ ಬರ್ತದೆ.

2. ಅದು ಸಾಲದಾದಾಗ ಡಾರ್ಕ್‌ಟೇಬಲ್. ಯಕ್ಷಗಾನದ ಫೋಟೋ ತೆಗೆಯುವವರಿಗೆ ಇದನ್ನೇ ಹೇಳ್ತೇವೆ: ಐಎಸ್‌ಒ 3200ರಲ್ಲಿ ಬರುವ ಕಾಳುಕಾಳು ನಾಯ್ಸನ್ನು ಆಯಾ ಕ್ಯಾಮೆರಾ ಮಾಡೆಲ್ಲಿಗೆ ಮೊದಲೇ ಅಳೆದಿಟ್ಟ ಲೆಕ್ಕದಿಂದ ತೆಗೀತದೆ. 8 ಜಿಬಿ ರ‍್ಯಾಮ್ ಇದ್ರೆ ಒಳ್ಳೇದು, ಗ್ರಾಫಿಕ್ಸ್ ಕಾರ್ಡ್ ಇದ್ರೆ ವೇಗ ಜಾಸ್ತಿ. ಕಾರ್ಡ್ ಇಲ್ಲದವರು ರಾಥೆರಪಿಯನ್ನೂ ನೋಡಿ. ಎರಡೂ ಒಮ್ಮೆ ಡೌನ್‌ಲೋಡ್ ಆದ್ರೆ ನೆಟ್ ಇಲ್ಲದೆಯೂ ನಡೀತವೆ.

3. ಕನ್ನಡ ಸಂಘದ ಪೋಸ್ಟರಿಗೆ ಗಿಂಪ್. ಯುನಿಕೋಡ್ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಸರಿಯಾಗಿ ಕೂರ್ತದೆ. ಹಳೆಯ ಫೋಟೋಶಾಪ್ ಇರುವವರು ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಕ್ಯಾಮೆರಾ ಹೊಸದು, ಸಾಫ್ಟ್‌ವೇರ್ ಹಳೇದು ಆದ್ರೆ ರಾ ಫೈಲ್ ತೆರೆಯೋದೇ ಇಲ್ಲ. ಕ್ಯಾನನ್ 2018ರಲ್ಲಿ ಸಿಆರ್3 ಅನ್ನೋ ಹೊಸ ರೂಪ ತಂತು, ಅದಕ್ಕಿಂತ ಹಳೆಯ ಆವೃತ್ತಿಗಳಿಗೆ ಅದು ಓದೋಕೆ ಬರೋದಿಲ್ಲ. ಹಾಕುವ ಮೊದಲು ನಿಮ್ಮ ಮಾಡೆಲ್ ಪಟ್ಟಿಯಲ್ಲಿದೆಯಾ ನೋಡಿ.

ಈ ಭಾನುವಾರ ಒಂದೇ ಕಷ್ಟದ ಫೋಟೋವನ್ನು ಎರಡು ಸಾಫ್ಟ್‌ವೇರ್‌ಗಳಲ್ಲಿ ಹತ್ತು ಹತ್ತು ನಿಮಿಷ ತಿದ್ದಿ ನೋಡಿ. ನಿಮ್ಮ ಕೈಗೆ ಒಗ್ಗಿದ್ದೇ ನಿಮ್ಮದು. ಅದಕ್ಕೂ ಮೊದಲು ಆ ಮೂಲ ಫೈಲುಗಳದ್ದು ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ.