‘ತ್ರೀ ನಾಟ್ ತ್ರೀ’: ಕೋವಿಯ ಮುದ್ರೆ ಹೇಳುವ ಚರಿತ್ರೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಿರಿಯರಿಗೆ ಪೊಲೀಸರ ಬಂದೂಕು ಎಂದರೆ ‘ತ್ರೀ ನಾಟ್ ತ್ರೀ’. ಠಾಣೆಯ ಪಹರೆಯಲ್ಲಿ, ಖಜಾನೆಯ ಬಾಗಿಲಲ್ಲಿ, ಮತಗಟ್ಟೆಯ ಎದುರಲ್ಲಿ ದಶಕಗಳ ಕಾಲ ಕಂಡ ಕಟ್ಟಿಗೆ ಹೊದಿಕೆಯ ಈ ಲೀ-ಎನ್‌ಫೀಲ್ಡ್ ರೈಫಲ್ ಈಗ ಹೊರದೇಶಗಳಲ್ಲಿ ಹಳೆಯ ವಸ್ತು ಸಂಗ್ರಾಹಕರ ಅಚ್ಚುಮೆಚ್ಚು. ಅವರು ಮೊದಲು ಹುಡುಕುವುದು ಲೋಹದ ಮೇಲಿನ ಮುದ್ರೆಗಳನ್ನು. ಅದೇ ಮುದ್ರೆಗಳನ್ನು ನಮ್ಮ ನಾಡಿನ ಚರಿತ್ರೆಯೊಡನೆ ಇಟ್ಟು ಓದಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ: ಕೋವಿ ಹಿಡಿದವನನ್ನು ಆಳುವವರು ಎಷ್ಟು ನಂಬಿದ್ದರು ಎಂಬುದು.

ಚಿಲಕದಂಥ ಬೋಲ್ಟು

ಈ ಕೋವಿಯ ಬೋಲ್ಟು ಬಾಗಿಲ ಚಿಲಕದಂತೆ ಕೆಲಸ ಮಾಡುತ್ತದೆ. ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾದ ಕೊಳವೆ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಹೊಸ ತೋಟಾ ಒಳಗೆ ಕೂರುತ್ತದೆ. ಇದನ್ನು ರೂಪಿಸಿದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ. ನಳಿಗೆ ಲಂಡನ್ ಬಳಿಯ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ವಿನ್ಯಾಸ. ಎರಡೂ ಸೇರಿ 1895ರಲ್ಲಿ ಲೀ-ಎನ್‌ಫೀಲ್ಡ್ ಬಂತು. ನಳಿಗೆಯ ರಂಧ್ರದ ಅಳತೆ 0.303 ಅಂಗುಲ, ಅಂದರೆ 7.7 ಮಿಲಿಮೀಟರ್. ‘ನಾಟ್’ ಎಂದರೆ ಸೊನ್ನೆ. ಹೆಸರಿನ ಮೂಲ ಅಷ್ಟೇ.

ಕಾಲಾಳುಗಳಿಗೆ ಉದ್ದದ್ದು, ಕುದುರೆ ಸವಾರರಿಗೆ ಗಿಡ್ಡದ್ದು ಎಂಬ ಭೇದವನ್ನು ಬಿಟ್ಟು, ಇಬ್ಬರಿಗೂ ಒಗ್ಗುವ ನಡು ಅಳತೆಯ ಮಾದರಿ ಆಮೇಲೆ ರೂಪುಗೊಂಡಿತು. ಅದರಲ್ಲಿ ಹೆಸರಾದದ್ದು 1907ರ ‘ಮಾರ್ಕ್ ಮೂರು’. ಉದ್ದ ಸುಮಾರು 113 ಸೆಂಟಿಮೀಟರ್, ತೂಕ ಸುಮಾರು 4 ಕಿಲೋ, ಒಮ್ಮೆಗೆ ತುಂಬುವ ತೋಟಾ 10. ಪಳಗಿದ ಸಿಪಾಯಿ ನಿಮಿಷಕ್ಕೆ 15 ಬಾರಿ ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದ.

ಮುದ್ರೆ ಓದುವ ಬಗೆ

ಮುದ್ರೆ ಇರುವುದು ಬೋಲ್ಟಿನ ಹಿಂದೆ, ಕೈಹಿಡಿಯ ಬಳಿಯ ಲೋಹದ ಪಟ್ಟಿಯ ಬಲಬದಿಯಲ್ಲಿ. ಕಿರೀಟದ ಕೆಳಗೆ ‘ವಿ.ಆರ್.’ ಇದ್ದರೆ ರಾಣಿ ವಿಕ್ಟೋರಿಯಾ ಕಾಲದ್ದು, ‘ಇ.ಆರ್.’ ಎಂದರೆ 1901ರಿಂದ 1910ರವರೆಗೆ ಆಳಿದ ಏಳನೇ ಎಡ್ವರ್ಡನದು, ‘ಜಿ.ಆರ್.’ ಎಂದರೆ ಜಾರ್ಜ್ ದೊರೆಗಳದು. ಅದರ ಕೆಳಗೆ ಕಾರ್ಖಾನೆಯ ಹೆಸರು ಮತ್ತು ಇಸವಿ. ‘ಜಿ.ಆರ್.ಐ.’ ಜೊತೆಗೆ ಇಶಾಪುರ ಎಂದಿದ್ದರೆ ಅದು ಕಲ್ಕತ್ತೆಯ ಬಳಿ ತಯಾರಾದದ್ದು. ಕೊನೆಯ ‘ಐ’ ಚಕ್ರವರ್ತಿ ಎಂಬುದರ ಸೂಚನೆ. ಸ್ವಾತಂತ್ರ್ಯದ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

ಇಶಾಪುರದಲ್ಲೇ 1960ರ ದಶಕದಲ್ಲಿ ತಯಾರಾದ, ನೋಟದಲ್ಲಿ ಇದನ್ನೇ ಹೋಲುವ ಬಂದೂಕು 7.62 ಮಿಲಿಮೀಟರಿನದು. ಅದನ್ನು ತ್ರೀ ನಾಟ್ ತ್ರೀ ಎಂದು ತಿಳಿದು ಮೋಸಹೋದ ಸಂಗ್ರಾಹಕರಿದ್ದಾರೆ.

ಕೊಟ್ಟೂ ಕೊಡದ ಅಸ್ತ್ರ

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. ಆ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ತಿರುಗಿಬಿದ್ದದ್ದು ಆಗಲೇ. ತಮ್ಮದೇ ಭಾರತೀಯ ಸಿಪಾಯಿಗಳಿಗೂ ಸರ್ಕಾರ ಸುರುಳಿಗೆರೆ ಇಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕು ಕೊಟ್ಟಿತು. ಗೆರೆ ಇದ್ದರೆ ಗುಂಡು ತಿರುಗುತ್ತ ನೇರ ಹೋಗುತ್ತದೆ. ಇಲ್ಲದಿದ್ದರೆ ದೂರದ ಗುರಿ ತಪ್ಪುತ್ತದೆ. ಗೋರಾ ಪಡೆಗಿಂತ ಒಂದು ತಲೆಮಾರು ಹಿಂದಿನ ಆಯುಧ ಎಂಬ ನೀತಿ ಬಹುಕಾಲ ನಡೆಯಿತು. 1914ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಪಡೆಗಳಿಗೆ ಹೊಸ ರೈಫಲ್ ಕೈಗೆ ಸಿಕ್ಕಿದ್ದು ಅಲ್ಲೇ, ರಣರಂಗಕ್ಕೆ ಹೊರಡುವ ಮುನ್ನ.

ಪೊಲೀಸರ ವಿಷಯದಲ್ಲಿ ಅನುಮಾನ ಇನ್ನೂ ಢಾಳಾಗಿತ್ತು. ಎಷ್ಟೋ ತ್ರೀ ನಾಟ್ ತ್ರೀಗಳ ನಳಿಗೆಯನ್ನು ಇಶಾಪುರದಲ್ಲಿ 0.410 ಅಂಗುಲಕ್ಕೆ ಕೊರೆದು ನುಣುಪಾಗಿಸಿ, ತೋಟಾಮನೆಗೆ ಕಟ್ಟಿಗೆಯ ತುಂಡು ತುರುಕಿ, ಒಮ್ಮೆಗೆ ಒಂದೇ ಗುಂಡು ಹಾರುವಂತೆ ಮಾಡಿ ಪಹರೆಗೆ ಕೊಟ್ಟರು. ಹೊರಗಿನಿಂದ ಅದೇ ಕೋವಿ; ಒಳಗಿನಿಂದ ಅರ್ಧ ಕೋವಿ. ಯಾರಾದರೂ ಕಿತ್ತುಕೊಂಡರೂ ಸೈನ್ಯಕ್ಕೆ ಎದುರಾಗದಿರಲಿ ಎಂಬ ಲೆಕ್ಕ.

ಆದರೆ ಹತ್ತಿರದಿಂದ ಕೊಲ್ಲಲು ಯಾವ ಬಂದೂಕೂ ಸಾಕು. ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿ ತಾಲ್ಲೂಕಿಗೆ ಸೇರಿದ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಕಂದಾಯದ ಖಜಾನೆಗೆ ನುಗ್ಗಿದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಜೊತೆಗಾರರಾದ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದವರು.

ಅಟ್ಟದ ಮೇಲೆ ಸಿಕ್ಕರೆ?

ಹೊರದೇಶದ ಸಂಗ್ರಾಹಕರಂತೆ ಇಲ್ಲಿ ಇದನ್ನು ಕೊಂಡು ಗೋಡೆಗೆ ತೂಗುಹಾಕುವಂತಿಲ್ಲ. 0.303 ಅಳತೆ ನಿಷೇಧಿತ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಖಾಸಗಿಯವರು ಇಟ್ಟುಕೊಳ್ಳುವುದು ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ವಿನಾಯ್ತಿ ಕೊಡುತ್ತದೆ, ಆದರೆ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ್ದಾಗಿದ್ದರೆ ಮಾತ್ರ. ತ್ರೀ ನಾಟ್ ತ್ರೀ ಅಷ್ಟು ಸುಲಭವಾಗಿ ಸಾಯುವ ಯಂತ್ರವಲ್ಲ. ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕರೆ ಮುಟ್ಟದೆ ಠಾಣೆಗೆ ತಿಳಿಸುವುದೇ ಕ್ಷೇಮ.

ಪೊಲೀಸ್ ಪಡೆಗಳು ಇದನ್ನು ಒಂದೊಂದಾಗಿ ಕೈಬಿಟ್ಟಿವೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಬೀಳ್ಕೊಟ್ಟರು. ನಿವೃತ್ತ ಕೋವಿಗಳು ಕುಲುಮೆ ಸೇರುವ ಮುನ್ನ ಬಗೆಗೊಂದರಂತೆ, ಕೊರೆದ ನಳಿಗೆಯ ಆ ಅರ್ಧ ಕೋವಿಯೂ ಸೇರಿದಂತೆ, ವಸ್ತುಸಂಗ್ರಹಾಲಯ ಸೇರಬೇಕು. ಕಿರೀಟದ ಮುದ್ರೆಯನ್ನು ಪುಸ್ತಕದಲ್ಲೂ ನೋಡಬಹುದು. ತೋಟಾಮನೆಗೆ ತುರುಕಿದ ಆ ಕಟ್ಟಿಗೆಯ ತುಂಡನ್ನು ಮಾತ್ರ ಕಣ್ಣಾರೆ ಕಂಡೇ ನಂಬಬೇಕು.