ಎಂಜಿನ್ ಎಲ್ಲಿ ಕೂರಬೇಕು?

ಡಾಡ್ಜ್ ಎ100 ಗಾಡಿಯ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇದ್ದದ್ದು 90 ಇಂಚು, ಅಂದರೆ ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು. ಊರೊಳಗೆ ಸಣ್ಣಪುಟ್ಟ ಸಾಮಾನು ಹೊರಲೆಂದು 1964ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಗಾಡಿ ವ್ಯಾನ್ ಆಗಿಯೂ ಸಿಗುತ್ತಿತ್ತು, ಪಿಕಪ್ ಆಗಿಯೂ ಸಿಗುತ್ತಿತ್ತು. 1965ರ ಹೊತ್ತಿಗೆ ಜಿಮ್ ಶೇಫರ್, ಜಾನ್ ಕಾಲಿಯರ್ ಮತ್ತು ಸಂಗಡಿಗರು ಅಂಥದೊಂದು ಪಿಕಪ್ಪಿಗೆ ಕ್ರೈಸ್ಲರ್ ಕಂಪನಿಯ ಏಳು ಲೀಟರಿನ ಹೆಮಿ ಎಂಜಿನ್ ಇಟ್ಟರು. ಅದು ಕೂತದ್ದು ಮೂಲ ಎಂಜಿನ್ನಿನ ಜಾಗದಲ್ಲಲ್ಲ, ಡ್ರೈವರ್ ಸೀಟಿನ ಹಿಂದೆ. ಪರೀಕ್ಷೆಯ ಓಟದಲ್ಲಿ ಆಕ್ಸಿಲರೇಟರ್ ಅದುಮಿದೊಡನೆ ಮುಂದಿನ ಎರಡೂ ಚಕ್ರಗಳು ನೆಲ ಬಿಟ್ಟು ಮೇಲೆದ್ದವು.

'ಲಿಟಲ್ ರೆಡ್ ವ್ಯಾಗನ್' ಎಂದು ಮುಂದೆ ಹೆಸರಾದದ್ದು ಇದೇ ಗಾಡಿ. ಇಷ್ಟು ದೊಡ್ಡ ಎಂಜಿನ್ನನ್ನು ಅಷ್ಟು ಹಿಂದಕ್ಕೆ ಸರಿಸಬೇಕಾಗಿ ಬಂದದ್ದೇಕೆ ಎಂದು ತಿಳಿಯಲು ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು.

ಡಚ್ ವ್ಯಾಪಾರಿ ಬೆನ್ ಪೊನ್ 1947ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪೆಟ್ಟಿಗೆಯಂಥ ಗಾಡಿಯ ಚಿತ್ರ ಗೀಚಿದ. ಫೋಕ್ಸ್‌ವ್ಯಾಗನ್ ಅದನ್ನು 1950ರಲ್ಲಿ ತಯಾರಿಸಿತು. ಡ್ರೈವರ್ ತೀರ ಮುಂದೆ, ಎಂಜಿನ್ ತೀರ ಹಿಂದೆ, ನಡುವಿನದೆಲ್ಲ ಸಾಮಾನಿಗೆ ಎಂಬುದು ಆ ಗಾಡಿಯ ಲೆಕ್ಕಾಚಾರ. ಅಮೆರಿಕದ ಕಂಪನಿಗಳು ಉತ್ತರ ಕೊಟ್ಟದ್ದು 1961ರಲ್ಲಿ. ಷೆವರ್ಲೆ ತನ್ನ ಕಾರ್ವೇರ್ ವ್ಯಾನಿನ ಎಂಜಿನ್ನನ್ನೂ ಹಿಂದೆಯೇ ಇಟ್ಟಿತು. ಅದರಿಂದ ಹಿಂಭಾಗದ ನೆಲ ಎತ್ತರವಾಯಿತು, ಸಾಮಾನು ಏರಿಸುವವರಿಗೆ ತೊಡಕಾಯಿತು. ಫೋರ್ಡ್ ಬೇರೆ ದಾರಿ ಹಿಡಿಯಿತು. ತನ್ನ ಇಕಾನೊಲೈನ್‌ನಲ್ಲಿ 2.4 ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನು ಮುಂದಿನ ಎರಡು ಸೀಟುಗಳ ನಡುವೆ ತಂದು ಕೂರಿಸಿ ಮೇಲೊಂದು ತಗಡಿನ ಮುಚ್ಚಳ ಹಾಕಿತು. ನಮ್ಮ ಹಳೆಯ ಸಾರಿಗೆ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು ಪ್ರಯಾಣ ಮಾಡಿದವರಿಗೆ ಆ ಮುಚ್ಚಳದ ಬಿಸಿ ಹೇಗಿರುತ್ತದೆಂದು ವಿವರಿಸಬೇಕಿಲ್ಲ.

ಇದರಿಂದ ಹಿಂಬಾಗಿಲಿನ ತನಕ ನೆಲ ಸಮತಟ್ಟಾಗಿ, ತಗ್ಗಾಗಿ ಸಿಕ್ಕಿತು. ಆದರೆ ಡ್ರೈವರ್, ಪಕ್ಕದವರು, ಎಂಜಿನ್ ಎಲ್ಲರ ಭಾರವೂ ಮುಂದಿನ ಚಕ್ರಗಳ ಮೇಲೆಯೇ ಬಿತ್ತು. ಖಾಲಿ ಗಾಡಿಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಹಗುರವಾಗಿ ಹಿಡಿತ ತಪ್ಪುತ್ತಿತ್ತು. ಮುಂಭಾರ ಎಷ್ಟಿತ್ತೆಂದರೆ ಅದನ್ನು ತೂಗಿಸಲು ಫೋರ್ಡ್ ಹಿಂದಿನ ಚಕ್ರಗಳ ಮೇಲೆ ಸುಮಾರು 75 ಕಿಲೋ ಭಾರವೊಂದನ್ನು ಕಾಯಂ ಆಗಿ ಕೂರಿಸಬೇಕಾಯಿತು. ಸಾಮಾನು ಹೊರಬೇಕಾದ ಗಾಡಿಯೇ ಹುಟ್ಟುವಾಗಲೇ ಸತ್ತ ಭಾರ ಹೊತ್ತುಕೊಂಡು ಬಂದದ್ದನ್ನು ನೋಡಿದರೆ, ಎಂಜಿನ್ನಿನ ಜಾಗ ಎಷ್ಟು ದೊಡ್ಡ ಪ್ರಶ್ನೆಯಾಗಿತ್ತೆಂದು ತಿಳಿಯುತ್ತದೆ. ಡಾಡ್ಜ್ ಎ100 ಕೂಡ ಇದೇ ಏರ್ಪಾಟನ್ನು ಅನುಸರಿಸಿತು. ಷೆವರ್ಲೆ ಕೂಡ 1964ರಲ್ಲಿ ಎಂಜಿನ್ನನ್ನು ಹಿಂದಿನಿಂದ ತೆಗೆದು ಸೀಟುಗಳ ನಡುವಿಗೆ ತಂದಿತು.

ಇಂಥ ವ್ಯಾನಿಗೆ ದೊಡ್ಡ ವಿ8 ಎಂಜಿನ್ ಹಾಕಬೇಕೆಂದು ಆಸೆಪಟ್ಟ ಗ್ಯಾರೇಜಿನವರಿಗೆ ಅಡಚಣೆ ಒಂದೆರಡಲ್ಲ. ಸಾಲು ಸಿಲಿಂಡರಿನ ಎಂಜಿನ್ ಉದ್ದ, ಆದರೆ ಸಪೂರ. ವಿ8 ಗಿಡ್ಡ, ಆದರೆ ಎರಡೂ ಕಡೆ ಹರಡಿಕೊಳ್ಳುವಂಥದು. ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ ದೊಡ್ಡ ವಿ8 ಹಿಡಿಸುವುದು ಕಷ್ಟ. ಹಿಡಿಸಿದರೂ ಒಂದು ಕಡೆಯ ಎಗ್ಸಾಸ್ಟ್ ಪೈಪು ಸ್ಟೇರಿಂಗ್ ರಾಡಿಗೆ ತಾಗುತ್ತದೆ, ಕೆಳಗೆ ಆಯಿಲ್ ಸಂಪು ಮುಂದಿನ ಅಚ್ಚಿಗೆ ಬಡಿಯುತ್ತದೆ. ಆಗ ಉಳಿಯುವ ದಾರಿ ಒಂದೇ, ಎಂಜಿನ್ನನ್ನು ಹಿಂದಕ್ಕೆ ಸರಿಸುವುದು.

ಸರಿಸುವುದೆಂದರೆ ನಟ್ಟು ಬಿಚ್ಚಿ ತಳ್ಳುವುದಲ್ಲ. ಮೊದಲು ನೆಲದ ತಗಡು ಕತ್ತರಿಸಿ ಹೊಸ ಎಂಜಿನ್ ಮೌಂಟಿಂಗಿಗೆ ಅಡ್ಡಪಟ್ಟಿ ಬೆಸೆಯಬೇಕು. ಆ ಗಾಡಿಗಳಲ್ಲಿ ನೆಲದ ತಗಡೇ ಗಾಡಿಯ ಬಲದ ಒಂದು ಭಾಗ. ಅಳತೆಯಿಲ್ಲದೆ ಕತ್ತರಿಸಿದರೆ ಬಾಡಿ ತಿರುಚಿಕೊಳ್ಳುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಎಂಜಿನ್ ಹಿಂದೆ ಹೋದಷ್ಟೂ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಬೇಕು. ಮೊದಲೇ ಗಿಡ್ಡ ಗಾಡಿ, ಶಾಫ್ಟು ಇನ್ನೂ ಗಿಡ್ಡವಾದರೆ ಅದರ ಎರಡು ತುದಿಯ ಕ್ರಾಸುಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತದೆ. ಆಮೇಲೆ ಗಾಡಿ ನಡುಗುತ್ತದೆ, ಕ್ರಾಸುಗಳು ಬೇಗ ಸವೆಯುತ್ತವೆ. ರೇಡಿಯೇಟರ್ ಮುಂದೆಯೇ ಉಳಿದರೆ ನೀರಿನ ಪೈಪುಗಳನ್ನು ಉದ್ದ ಮಾಡಬೇಕು. ಎಂಜಿನ್ನಿನ ಫ್ಯಾನು ಅಲ್ಲಿಗೆ ನಿಲುಕುವುದಿಲ್ಲವಾದ್ದರಿಂದ ಬೇರೆ ವಿದ್ಯುತ್ ಫ್ಯಾನು ಬೇಕು. ಗೇರ್ ಕೊಂಡಿಗಳನ್ನೂ ಆಕ್ಸಿಲರೇಟರ್ ಕೇಬಲ್ಲನ್ನೂ ಹೊಸದಾಗಿ ಮಾಡಿಸಬೇಕು. ಕೊನೆಗೆ ಬ್ರೇಕು. ಸಣ್ಣ ಎಂಜಿನ್ನಿಗೆಂದು ಮಾಡಿದ ಡ್ರಮ್ ಬ್ರೇಕು ದೊಡ್ಡ ಎಂಜಿನ್ನಿನ ವೇಗವನ್ನು ತಡೆಯಲಾರದು. ಎಂಜಿನ್ ಬದಲಿಸಿ ಬ್ರೇಕನ್ನು ಹಾಗೆಯೇ ಬಿಟ್ಟವನು ಮೆಕ್ಯಾನಿಕ್ಕೇ ಅಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಶೇಫರ್ ಮತ್ತು ಕಾಲಿಯರ್ ಈ ಯಾವ ಇಕ್ಕಟ್ಟಿಗೂ ಸಿಗದಂತೆ ಎಂಜಿನ್ನನ್ನು ಕ್ಯಾಬಿನ್ನಿನಿಂದಲೇ ಹೊರಗೆ ತಂದರು. ಬರಿಯ ಎಂಜಿನ್ನೇ 350 ಕಿಲೋ ಮೀರಿದ ಭಾರದ್ದು. ಅದನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಜೊತೆ ಒಂದು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ ಹಿಂದಿನ ಅಚ್ಚಿನ ಮುಂದೆಯೇ ಇಟ್ಟರು. ಹಿಂದಿನ ಟೈರುಗಳ ಮೇಲೆ ಭಾರ ಬಿದ್ದರೆ ಹಿಡಿತ ಹೆಚ್ಚುತ್ತದೆ, ಕಾಲು ಮೈಲಿಯ ಡ್ರ್ಯಾಗ್ ಓಟದಲ್ಲಿ ಗಾಡಿ ಚಂಗನೆ ಹೊರಡುತ್ತದೆ ಎಂಬುದು ಅವರ ಎಣಿಕೆ. ಎಣಿಕೆ ತಪ್ಪಲಿಲ್ಲ, ಅತಿಯಾಗಿ ನಿಜವಾಯಿತು. ಗಾಡಿ ಮುಂದಕ್ಕೆ ನುಗ್ಗುವಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಭಾರದ ಕೇಂದ್ರ ಎತ್ತರದಲ್ಲಿದ್ದಷ್ಟೂ, ಅಚ್ಚುಗಳ ನಡುವಿನ ಅಂತರ ಕಡಿಮೆಯಿದ್ದಷ್ಟೂ ಈ ವಾಲುವಿಕೆ ಜಾಸ್ತಿ. ಎ100 ಎತ್ತರವೂ ಹೌದು, ಗಿಡ್ಡವೂ ಹೌದು. ಜೊತೆಗೆ ಭಾರದ ಕೇಂದ್ರವೇ ಹಿಂದಿನ ಅಚ್ಚಿನ ಹತ್ತಿರ ಬಂದಿತ್ತು. ಮೂರೂ ಸೇರಿದ ಮೇಲೆ ಮುಂದಿನ ಚಕ್ರ ನೆಲದ ಮೇಲೆ ನಿಲ್ಲುವುದು ಸಾಧ್ಯವಿರಲಿಲ್ಲ.

ಡ್ರ್ಯಾಗ್ ಓಟದ ಲೆಕ್ಕದಲ್ಲಿ ಇದೊಂದು ದೋಷ. ಚಕ್ರ ಎತ್ತಲು ಖರ್ಚಾದ ಶಕ್ತಿ ಮುಂದಕ್ಕೆ ಓಡಲು ಸಿಗುವುದಿಲ್ಲ. ಆದರೆ ನೋಡಲು ಬಂದ ಜನ ಬೆರಗಾದರು. ಚಾಲಕ ಬಿಲ್ 'ಮ್ಯಾವರಿಕ್' ಗೋಲ್ಡನ್ ಆ ದೋಷವನ್ನೇ ತನ್ನ ವೃತ್ತಿ ಮಾಡಿಕೊಂಡ. ಮುಂದಿನ ಚಕ್ರ ಗಾಳಿಯಲ್ಲಿರುವಾಗ ಸ್ಟೇರಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಎದುರಿಗೆ ಕಾಣುವುದು ಆಕಾಶ ಮಾತ್ರ. ಆದ್ದರಿಂದ ಇಂಥ ಗಾಡಿಗಳಲ್ಲಿ ಎಡ ಮತ್ತು ಬಲ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕು ಇಟ್ಟು ಅದರಿಂದಲೇ ದಿಕ್ಕು ಹಿಡಿಯುವ ಪದ್ಧತಿ ಬಂತು. ಗೋಲ್ಡನ್ 1977ರಲ್ಲಿ 4,230 ಅಡಿ ದೂರ, ಸುಮಾರು 1.3 ಕಿಲೋಮೀಟರ್, ಹಿಂದಿನ ಚಕ್ರಗಳ ಮೇಲೆಯೇ ಓಡಿಸಿ ದಾಖಲೆ ಬರೆದ.

ಅದೇ ಕಾಲದಲ್ಲಿ ಅದೇ ಎ100 ಇನ್ನೊಂದು ಕಾರಣಕ್ಕೂ ಎಂಜಿನ್ ಹಿಂದಕ್ಕೆ ಸರಿಸಿಕೊಂಡಿತು. ಡೆಟ್ರಾಯಿಟ್‌ನ ಅಲೆಕ್ಸಾಂಡರ್ ಸಹೋದರರು, ಮೈಕ್ ಮತ್ತು ಲ್ಯಾರಿ, ಹ್ಯಾರಿ ಬ್ರ್ಯಾಡ್ಲಿ ಬಿಡಿಸಿದ ನಕ್ಷೆಯಂತೆ ಕಟ್ಟಿದ 'ಡಿಯೋರಾ'ದಲ್ಲಿ ಎಂಜಿನ್ ದೊಡ್ಡದಲ್ಲ, ಮೂಲದ್ದೇ. ಛಾವಣಿಯನ್ನು ತಗ್ಗಿಸಲು ಸೀಟು ತಗ್ಗಬೇಕಿತ್ತು, ಸೀಟು ತಗ್ಗಲು ಎಂಜಿನ್ ಜಾಗ ಬಿಡಬೇಕಿತ್ತು. ಅದನ್ನು ಹಿಂದಿನ ತೊಟ್ಟಿಯ ಕಡೆಗೆ ಸರಿಸಿ ಮೇಲೆ ಮುಚ್ಚಿದರು. 1967ರಲ್ಲಿ ಡಿಯೋರಾ ಡೆಟ್ರಾಯಿಟ್ ಆಟೊರಾಮಾ ವಾಹನ ಪ್ರದರ್ಶನದ ರಿಡ್ಲರ್ ಪ್ರಶಸ್ತಿ ಗೆದ್ದಿತು. ಮರುವರ್ಷ ಹಾಟ್ ವೀಲ್ಸ್ ಆಟಿಕೆಗಳ ಮೊದಲ ಹದಿನಾರರಲ್ಲಿ ಒಂದಾಗಿ ಮಕ್ಕಳ ಕೈಗೂ ಬಂತು.

ಇತ್ತ ಕಂಪನಿಗಳು ಅದೇ ತೊಡಕನ್ನು ಉಲ್ಟಾ ದಿಕ್ಕಿನಲ್ಲಿ ಬಿಡಿಸಿದವು. 1969ರ ಮಾದರಿಯ ಇಕಾನೊಲೈನ್‌ನಲ್ಲಿ ಫೋರ್ಡ್ ಎಂಜಿನ್ನನ್ನು ಮುಂದಕ್ಕೆ ತಂದು ಗಾಡಿಗೆ ಒಂದು ಪುಟ್ಟ ಮೂತಿ ಕೊಟ್ಟಿತು. ಈಗ ಅದರಲ್ಲಿ 302 ಘನ ಇಂಚಿನ ವಿ8 ಕಾರ್ಖಾನೆಯಿಂದಲೇ ಸಿಗತೊಡಗಿತು. 1971ರಲ್ಲಿ ಷೆವರ್ಲೆ ಮತ್ತು ಡಾಡ್ಜ್ ಅದೇ ದಾರಿ ಹಿಡಿದವು. ಎಪ್ಪತ್ತರ ದಶಕದ ವ್ಯಾನ್ ಮೋಹಕ್ಕೆ ಸಂಗೀತವನ್ನೂ ಯುವಕರ ಮನೋಭಾವವನ್ನೂ ಕಾರಣವಾಗಿ ಹೇಳುವವರಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಮುಖ್ಯ ಕಾರಣ ಈ ಮೂತಿ. ಶಕ್ತಿಶಾಲಿ ಎಂಜಿನ್ ಕಂಪನಿಯಿಂದಲೇ ಬಂದಾಗ, ಒಳಗೆ ಕಾಲು ಚಾಚುವಷ್ಟು ಜಾಗ ಸಿಕ್ಕಿದಾಗ, ಗ್ಯಾರೇಜಿನ ದುಡಿಮೆ ವೆಲ್ಡಿಂಗಿನಿಂದ ಕಾರ್ಪೆಟ್ಟಿಗೆ, ಮೈಮೇಲಿನ ಚಿತ್ರಗಳಿಗೆ, ಗುಂಡು ಕಿಟಕಿಗಳಿಗೆ ತಿರುಗಿತು. 1973ರಲ್ಲಿ ಕೊಲರಾಡೊದಲ್ಲಿ ವ್ಯಾನ್ ಪ್ರಿಯರ ಮೊದಲ ರಾಷ್ಟ್ರೀಯ ಮೇಳ ನಡೆಯಿತು. 1976ರ ಹೊತ್ತಿಗೆ ಫೋರ್ಡ್ ಮತ್ತು ಡಾಡ್ಜ್ ತಾವೇ ಅಲಂಕರಿಸಿದ ವ್ಯಾನುಗಳನ್ನು ಮಾರತೊಡಗಿದವು.

ಹಿಂದಕ್ಕೆ ಸರಿಸುವ ವಿದ್ಯೆ ಬ್ರಿಟನ್ನಿನಲ್ಲಿ ಮುಂದುವರಿಯಿತು. ಅಲ್ಲಿನ ಫೋರ್ಡ್ ಟ್ರಾನ್ಸಿಟ್ 1965ರಲ್ಲಿ ಬಂದಾಗ ಅದರ ಗಿಡ್ಡ ಮೂತಿಗೆ ಹೊಂದಿದ್ದು ಗಿಡ್ಡ ವಿ4 ಪೆಟ್ರೋಲ್ ಎಂಜಿನ್. ಡೀಸೆಲ್ ಎಂಜಿನ್ ಅಲ್ಲಿ ಹಿಡಿಸದೆ ಆ ಮಾದರಿಗೆ ಮೂತಿಯನ್ನೇ ಉದ್ದ ಮಾಡಬೇಕಾಯಿತು. 1971ರಲ್ಲಿ ಟೆರ್ರಿ ಡ್ರೂರಿ ರೇಸಿಂಗ್‌ನವರು ಅದೇ ಟ್ರಾನ್ಸಿಟ್ಟಿನ ನಡುವೆ, ಸಾಮಾನು ಇಡುವ ಜಾಗದಲ್ಲಿ, ಜಿಟಿ40 ರೇಸ್ ಕಾರಿನ ಐದು ಲೀಟರ್ ವಿ8 ಇಟ್ಟು 'ಸೂಪರ್‌ವ್ಯಾನ್' ಮಾಡಿದರು. ಸಸ್ಪೆನ್ಷನ್ನು, ಗೇರ್‌ಬಾಕ್ಸು ಕೂಡ ರೇಸ್ ಕಾರಿನವು. ಇದು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಓಡಿತು. ಲಿಟಲ್ ರೆಡ್ ವ್ಯಾಗನ್ ಜನಪ್ರಿಯವಾಗಿರಬಹುದು, ಎಂಜಿನ್ನಿಗೆ ಸರಿಯಾದ ಜಾಗ ತೋರಿಸಿಕೊಟ್ಟದ್ದು ಸೂಪರ್‌ವ್ಯಾನ್.

ನಮ್ಮಲ್ಲೂ 1984ರಿಂದ 2019ರ ತನಕ ಮಾರಾಟವಾದ ಮಾರುತಿ ವ್ಯಾನಿನ, ಅಂದರೆ ಓಮ್ನಿಯ, ಎಂಜಿನ್ ಇದ್ದದ್ದು ಮುಂದಿನ ಸೀಟುಗಳ ಕೆಳಗೇ. ಓಮ್ನಿಗೆ ದೊಡ್ಡ ಎಂಜಿನ್ ಹಾಕುವ ಕನಸು ಕಾಣುವ ಹುಡುಗರು ಇದ್ದಾರೆ. ಆದರೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಈ ನಿರ್ಬಂಧ ಸರಿಯಾದದ್ದೇ, ಏಕೆಂದರೆ ರಸ್ತೆಯಲ್ಲಿ ಬೇರೆಯವರೂ ಓಡಾಡುತ್ತಾರೆ. ಈ ವಿದ್ಯೆ ಕಲಿಯುವ ಹಂಬಲವಿದ್ದವರು ಹಳೆಯ ಓಮ್ನಿಯೊಂದನ್ನು ಹುಡುಕಿ, ಅದರದೇ 796 ಸಿಸಿ ಎಂಜಿನ್ನನ್ನು ಇಳಿಸಿ, ಬಿಚ್ಚಿ, ತೊಳೆದು, ಮೌಂಟಿಂಗ್ ಬದಲಿಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸುವುದರಿಂದ ಶುರು ಮಾಡಿ.