ಧ್ವನಿಮುದ್ರಿತ ಮಾತಿನಲ್ಲಿ ಪದ ಹುಡುಕುವುದು ಹೇಗೆ?

ಪ್ರಶ್ನೆ: ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೆಕಾರ್ಡ್ ಮಾಡಿದ ಗಂಟೆಗಟ್ಟಲೆ ಮಾತಿನಲ್ಲಿ ‘ಗೂಡು’ ಎಂದದ್ದು ಎಲ್ಲೆಲ್ಲಿ ಎಂಬುದನ್ನು ಕಂಪ್ಯೂಟರ್ ಪತ್ತೆ ಮಾಡೀತೇ?
– ಓದುಗರು, ರಾಮನಗರ

ಉತ್ತರ: ಮಾಡುತ್ತದೆ. ಧ್ವನಿಯನ್ನು ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಾಗಿಸಿ, ಪ್ರತಿಯೊಂದರಲ್ಲೂ ಯಾವ ಆವರ್ತನ ಎಷ್ಟು ಬಲವಾಗಿದೆಯೆಂದು ಅಳೆಯುತ್ತದೆ. ಹಲವರ ಮಾತಿನಿಂದ ತರಬೇತಿ ಪಡೆದ ಕೃತಕ ನರಜಾಲ (ನ್ಯೂರಲ್ ನೆಟ್‌ವರ್ಕ್), ಆ ತುಣುಕುಗಳ ಸಾಲು ಬೇಕಾದ ಪದಕ್ಕೆ ಎಷ್ಟು ಹೊಂದುತ್ತದೆಂದು ಅಂಕ ಕೊಡುತ್ತದೆ. ಅಂಕ ಮಿತಿ ದಾಟಿದರೆ ಆ ಕ್ಷಣವನ್ನು ಗುರುತಿಸುತ್ತದೆ. ಮಿತಿ ತಗ್ಗಿಸಿದರೆ ‘ಮಾಗಡಿ’ ಹುಡುಕುವಾಗ ‘ಅಂಗಡಿ’ಯೂ ಸಿಕ್ಕೀತು; ಏರಿಸಿದರೆ ಅಸಲಿ ಪದವೇ ತಪ್ಪೀತು. ಸಂತೆಯ ಗದ್ದಲ, ಊರಿಂದೂರಿಗೆ ಬದಲಾಗುವ ಉಚ್ಚಾರ, ‘ಗೂಡಿಗೆ’, ‘ಗೂಡಿನ’ ಎಂಬ ರೂಪಗಳು ಕೆಲಸವನ್ನು ಕಠಿಣಗೊಳಿಸುತ್ತವೆ. ಆದ್ದರಿಂದ ಊರೂರಿನ ಮಾತಿನ ಮಾದರಿಗಳು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ 9 ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿಗೆ ಸಂಬಂಧಿಸಿದ ಇಂಥ ಮಾದರಿಗಳನ್ನು ಸಂಗ್ರಹಿಸಿದೆ.